‘ಸ್ವಲ್ಪ ವಕ್ರ’ ಅಂದರೆ ಎಷ್ಟು?

ಪ್ರಿಯ ಲೇಖಕರೇ,

‘ನಡುಗಿದ ವಿಡಿಯೊಗೆ ಒಂದೇ ಕ್ಲಿಕ್ಕಿನ ಮದ್ದು’ ಎಂಬ ನಿಮ್ಮ ಲೇಖನ ಓದಿದೆ. ಭಾಷೆ ಸಲೀಸಾಗಿದೆ. ವಿಡಿಯೊ ಎಡಿಟ್ ಮಾಡುವ ಪ್ರೀಮಿಯರ್ ತಂತ್ರಾಂಶದಲ್ಲಿ ಏನನ್ನು ಒತ್ತಬೇಕು ಎಂಬುದೂ ಸರಿಯಾಗಿದೆ. ಬೇಕಲ ಕೋಟೆಯಲ್ಲಿ ನಡೆಯುತ್ತಾ ತೆಗೆದ ವಿಡಿಯೊವನ್ನು ಜೊತೆಗೇ ಕಳಿಸಿದ್ದೀರಿ. ಅದನ್ನು ನೋಡಿದ ಮೇಲೆ ನನಗೆ ಲೇಖನದ ಮೇಲೆ ಸಿಟ್ಟು ಬಂತು.

ನಡುಕ ಇಳಿಸುವ ಪ್ರೀಮಿಯರ್‌ನ ಸಲಕರಣೆ ವಾರ್ಪ್ ಸ್ಟೆಬಿಲೈಜರ್ ಬಗ್ಗೆ ನಿಮ್ಮ ಒಂದು ಸಾಲು: ‘ವಾರ್ಪ್ ಸ್ಟೆಬಿಲೈಜರ್ ಹಾಕಿದಾಗ ಕೆಲವೊಮ್ಮೆ ಚಿತ್ರ ಸ್ವಲ್ಪ ವಕ್ರವಾಗಬಹುದು.’

ಯಾವಾಗ? ಯಾವುದು? ಎಷ್ಟು? ನಿಮ್ಮದೇ ವಿಡಿಯೊದಲ್ಲಿ ತಂಗಿ ಕ್ಯಾಮೆರಾದ ತೀರಾ ಹತ್ತಿರದಿಂದ ಹಾದು ಹೋಗುತ್ತಾಳೆ. ಅವಳ ಹೆಗಲು ಅರ್ಧ ಪರದೆ ತುಂಬುವಾಗ ಹಿಂದಿನ ಕಡಲಿನ ಗೆರೆ ಬಿಲ್ಲಿನ ಹಾಗೆ ಬಾಗುತ್ತದೆ. ಅವಳು ದಾಟಿದ ಕೂಡಲೇ ನೆಟ್ಟಗಾಗುತ್ತದೆ. ಇದು ‘ಸ್ವಲ್ಪ’ ಅಲ್ಲ. ಕಾರಣವೂ ಇದೆ. ನಾವು ಏನನ್ನೂ ಬದಲಿಸದೆ ಬಿಟ್ಟರೆ ಸ್ಟೆಬಿಲೈಜರ್ ‘ಸಬ್‌ಸ್ಪೇಸ್ ವಾರ್ಪ್’ ಎಂಬ ವಿಧಾನ ಹಿಡಿಯುತ್ತದೆ. ಇಡೀ ಚೌಕಟ್ಟನ್ನು ಒಟ್ಟಿಗೆ ಸರಿಸುವುದಿಲ್ಲ. ಒದ್ದೆ ಬಟ್ಟೆಯನ್ನು ಜಗ್ಗಿದ ಹಾಗೆ ಒಂದೊಂದು ಭಾಗವನ್ನು ಒಂದೊಂದು ಕಡೆಗೆ ಎಳೆಯುತ್ತದೆ. ಹತ್ತಿರದ ಹೆಗಲು ಜೋರಾಗಿ ಸರಿಯಿತು, ದೂರದ ಕಡಲು ಸರಿಯಲೇ ಇಲ್ಲ. ಹೆಗಲನ್ನು ಹಿಡಿಯಲು ಹೋಗಿ ಅದು ಕಡಲನ್ನು ಬಗ್ಗಿಸಿತು.

ಇನ್ನೊಂದು ಸಾಲು: ‘ಕೈ ನಡುಕದ ಗುರುತೇ ಉಳಿಯುವುದಿಲ್ಲ.’

ಉಳಿದಿದೆಯಲ್ಲ! ಮುರಕಲ್ಲಿನ ಆ ಗೋಪುರ ತಟ್ಟೆಯಲ್ಲಿಟ್ಟ ರಾಗಿ ಮಣ್ಣಿಯ ಹಾಗೆ ಕುಲುಕುತ್ತಿದೆ. ಫೋನಿನ ಸೆನ್ಸರ್ ಚಿತ್ರವನ್ನು ಒಂದೇ ಸಲಕ್ಕೆ ಹಿಡಿಯುವುದಿಲ್ಲ, ಸಾಲು ಸಾಲಾಗಿ ಓದುತ್ತದೆ. ಗೋಪುರದ ತುದಿ ಓದಿ ಬುಡಕ್ಕೆ ಬರುವಷ್ಟರಲ್ಲಿ ನಿಮ್ಮ ಕೈ ಅಲುಗಿರುತ್ತದೆ. ತುದಿ ಒಂದು ಕಡೆ, ಬುಡ ಇನ್ನೊಂದು ಕಡೆ. ಚೌಕಟ್ಟನ್ನು ಎಷ್ಟು ಸರಿಸಿ ಹೊಂದಿಸಿದರೂ ಆ ವಾಲು ಹಾಗೇ ಇರುತ್ತದೆ. ಕೈ ಜೋರಾಗಿ ಅಲುಗಿ ಮಸುಕಾದ ಫ್ರೇಮ್‌ಗಳೂ ಅಷ್ಟೇ. ಮೊದಲು ಅವು ಕುಲುಕಾಟದಲ್ಲಿ ಮರೆಯಾಗಿದ್ದವು. ಈಗ ಚಿತ್ರ ನಿಂತ ಮೇಲೆ ಜಾಸ್ತಿ ಕಾಣುತ್ತವೆ.

ಇದೆಲ್ಲ ನಿಮ್ಮ ಕಣ್ಣೆದುರೇ ಇತ್ತು ಅಲ್ವಾ? ಹಾಗಿದ್ದೂ ‘ಸ್ವಲ್ಪ’ ಅಂತ ಬರೆದಿರಿ.

ನಾನು ಕಾಸರಗೋಡಿನಲ್ಲಿ ಪತ್ರಿಕೆಯೊಂದಕ್ಕೆ ಸೇರಿದ ಮೊದಲ ಮಳೆಗಾಲ. ಪೆರ್ಲದ ಕಡೆ ‘ಅಪಾರ ಕೃಷಿ ಹಾನಿ’ ಎಂದು ಬರೆದುಕೊಟ್ಟೆ. ಹಿರಿಯ ಉಪಸಂಪಾದಕರು ಪೆನ್ನು ಕೆಳಗಿಟ್ಟು, “ಅಪಾರ ಅಂದ್ರೆ ಎಷ್ಟು ಮಾರಾಯಾ?” ಎಂದರು. ಉತ್ತರ ಇರಲಿಲ್ಲ. ಮುಂದಿನ ಬಸ್ಸಿಗೇ ವಾಪಸ್ ಕಳಿಸಿದರು. ಕೊಡೆ ಹಿಡಿದು, ಮೊಣಕಾಲವರೆಗೆ ಕೆಸರಿನಲ್ಲಿ ಕಂಗಿನ ತೋಟ ಸುತ್ತಿದೆ. ತೋಟದವರೂ ಜೊತೆಗೆ ಬಂದು, ಬಿದ್ದ ಒಂದೊಂದು ಮರವನ್ನೂ ಮುಟ್ಟಿ ಎಣಿಸಿದರು. 37. ಎಳೆ ಅಡಕೆ ಗೊನೆ ಸಮೇತ ನೀರಿನಲ್ಲಿ ಬಿದ್ದಿತ್ತು. ಆ ಒಂದು ಅಂಕಿ ಅಚ್ಚಾದದ್ದನ್ನು ಮರುದಿನ ನಾನು ಎಷ್ಟು ಸಲ ಓದಿದೆನೋ.

ಹಾಗಾಗಿ ನೀವೂ ವಾಪಸ್ ಹೋಗಿ. ಅದೇ ವಿಡಿಯೊದಲ್ಲಿ ವಿಧಾನವನ್ನು, ಇಡೀ ಚೌಕಟ್ಟನ್ನು ಒಟ್ಟಿಗೇ ಸರಿಸುವ ‘ಪೊಸಿಷನ್’ಗೆ ಬದಲಿಸಿ. ನಡುಕವನ್ನು ಎಷ್ಟು ನಯಮಾಡಬೇಕು ಎಂದು ಹೇಳುವ ‘ಸ್ಮೂತ್‌ನೆಸ್’ ಅನ್ನು ಶೇ. 50ರಿಂದ 10ಕ್ಕೆ ಇಳಿಸಿ. ಕಡಲಿನ ಗೆರೆ ಏನಾಯಿತು, ಗೋಪುರ ಏನಾಯಿತು, ಅಂಚು ಎಷ್ಟು ಕತ್ತರಿಸಿ ಹೋಯಿತು, ನಡುಕ ಎಷ್ಟು ಉಳಿಯಿತು, ನೋಡಿ ಬರೆಯಿರಿ. ಆಮೇಲೆ ಇನ್ನೊಮ್ಮೆ ಬೇಕಲಕ್ಕೆ ಹೋಗಿ, ಮೊಣಕೈಯನ್ನು ಕೋಟೆ ಗೋಡೆಗೆ ಊರಿ ಅದೇ ಗೋಪುರವನ್ನು ತೆಗೆಯಿರಿ. ಲೇಖನ ತಂಗಿಯ ಹೆಗಲಿನಿಂದ ಶುರುವಾಗಲಿ. ಮುಂದಿನ ತಿಂಗಳ 10ರವರೆಗೆ ನಿಮಗಾಗಿ 2 ಪುಟ ಖಾಲಿ ಇಟ್ಟಿರುತ್ತೇನೆ.