ಅನಸೂಯಾ ಸರಿಯೋ, ಅನುಸೂಯಾ ಸರಿಯೋ?

ಪ್ರಶ್ನೆ: ನಮ್ಮ ಅಜ್ಜಿಯ ಹೆಸರು ಪಡಿತರ ಚೀಟಿಯಲ್ಲಿ ‘ಅನುಸೂಯಮ್ಮ’ ಎಂದಿದೆ, ಊರಿನವರೆಲ್ಲ ಕರೆಯುತ್ತಿದ್ದುದು ‘ಅನ್ಸಕ್ಕ’ ಎಂದು. ಮಗಳಿಗೆ ಅದೇ ಹೆಸರಿಡಬೇಕೆಂದಿದ್ದೇವೆ. ಸರಿಯಾದ ರೂಪ ಯಾವುದು? ‘ಹೊಟ್ಟೆಕಿಚ್ಚಿಲ್ಲದವಳು’ ಎಂಬಷ್ಟೇ ಇದರ ಅರ್ಥವೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ‘ಅನಸೂಯಾ’ ಎಂಬುದೇ ಸರಿಯಾದ ರೂಪ. ಸಂಸ್ಕೃತದಲ್ಲಿ ‘ಇಲ್ಲ’ ಎಂಬರ್ಥದ ‘ನ’ಕಾರವು ಸ್ವರದ ಮುಂದೆ ‘ಅನ್’ ಆಗುವುದರಿಂದ, ‘ಅನಂತ’, ‘ಅನಾದಿ’ಗಳಂತೆಯೇ ‘ಅಸೂಯೆ’ಯ ಹಿಂದೆ ‘ಅನ್’ ಸೇರಿ ‘ಅನಸೂಯಾ’ ಆಗಿದೆ. ಮುಂದಿನ ‘ಸೂ’ ಅಕ್ಷರದ ಎಳೆತಕ್ಕೆ ನಾಲಿಗೆ ‘ನ’ವನ್ನು ‘ನು’ ಮಾಡಿಕೊಂಡಿರಬೇಕು. ಅನುರಾಧಾ, ಅನುಪಮಾ ಮುಂತಾದ ಹೆಸರುಗಳ ಬಳಕೆಯೂ ಅದಕ್ಕೆ ಇಂಬು ಕೊಟ್ಟಿರಬಹುದು.

ಅರ್ಥದ ವಿಷಯದಲ್ಲಿ ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಇಂದು ನಾವು ಈರ್ಷ್ಯೆ, ಅಸೂಯೆ ಎರಡನ್ನೂ ಹೊಟ್ಟೆಕಿಚ್ಚಿಗೇ ಬಳಸುತ್ತೇವಾದರೂ ಅಮರಕೋಶ ಅವನ್ನು ಬೇರೆಯಾಗಿಯೇ ಹೇಳುತ್ತದೆ: ಸಹಿಸಲಾರದಿರುವುದು ಈರ್ಷ್ಯೆ, ಗುಣವಿದ್ದಲ್ಲಿಯೂ ದೋಷವನ್ನು ಹೊರಿಸುವುದು ಅಸೂಯೆ. ನೆರೆಮನೆಯವರ ಒಬ್ಬಟ್ಟು ಹೂವಿನಂತೆ ಮೆತ್ತಗಿದೆಯೆಂದು ಒಳಗೇ ಕುದಿಯುವುದು ಈರ್ಷ್ಯೆಯಾದರೆ, ‘ಅಷ್ಟು ಎಣ್ಣೆ ಸುರಿದರೆ ಯಾರಿಗಾದರೂ ಬರುತ್ತದೆ’ ಎಂದುಬಿಡುವುದು ಅಸೂಯೆ. ಹಾಗೆ ಹುಳುಕು ಹುಡುಕದೆ ಒಳ್ಳೆಯದನ್ನು ಒಳ್ಳೆಯದೆಂದೇ ಒಪ್ಪುವವಳು ಅನಸೂಯಾ. ಭಗವದ್ಗೀತೆಯ 9ನೆಯ ಅಧ್ಯಾಯದ ಮೊದಲ ಶ್ಲೋಕದಲ್ಲಿ ಕೃಷ್ಣನು ಪರಮರಹಸ್ಯವನ್ನು ಹೇಳಲು ಹೊರಟಾಗ ಅರ್ಜುನನನ್ನು ‘ಅನಸೂಯು’ ಎನ್ನುವುದೂ ಈ ಅರ್ಥದಲ್ಲಿಯೇ. ಕೇಳುವವನ ಯೋಗ್ಯತೆಯಾಗಿ ಆತ ಎಣಿಸಿದ್ದು ಇದೊಂದು ಗುಣವನ್ನು.

ಅತ್ರಿಮುನಿಯ ಪತ್ನಿ ಎಂದೊಡನೆ ನಮಗೆ ದತ್ತಾತ್ರೇಯನ ತಾಯಿಯ ಕಥೆ ನೆನಪಾಗುತ್ತದೆ. ನನಗೆ ಹೆಚ್ಚು ಪ್ರಿಯವಾದವಳು ವಾಲ್ಮೀಕಿಯ ಅನಸೂಯೆ: ತಲೆಗೂದಲು ನೆರೆತು, ಮೈ ಸುಕ್ಕುಗಟ್ಟಿ, ಗಾಳಿಗೆ ಸಿಕ್ಕ ಬಾಳೆಯ ಗಿಡದಂತೆ ನಡುಗುವ ಮುದುಕಿ, ಕಾಡಿಗೆ ಬಂದ ಸೀತೆಗೆ ತನ್ನಲ್ಲಿದ್ದ ಹೂಮಾಲೆ, ವಸ್ತ್ರ, ಆಭರಣಗಳನ್ನು ಕೊಟ್ಟು, ಅವುಗಳನ್ನು ತೊಟ್ಟು ನಿಂತವಳನ್ನು ಕಣ್ತುಂಬ ನೋಡುತ್ತಾಳೆ. ಹೆಸರಿನ ಅರ್ಥವನ್ನು ಇದಕ್ಕಿಂತ ಚೆನ್ನಾಗಿ ಯಾವ ನಿಘಂಟೂ ಹೇಳಲಾರದು. ನಮ್ಮ ಕಾದಂಬರಿಗಾರ್ತಿ ತ್ರಿವೇಣಿಯವರ ಹೆಸರೂ ಅನಸೂಯಾ ಶಂಕರ್ ಎಂಬುದು ನಿಮಗೆ ತಿಳಿದಿರಬಹುದು.

ಮಗುವಿನ ಜನನ ಪ್ರಮಾಣಪತ್ರದಲ್ಲಿ ‘ಅನಸೂಯಾ’ ಎಂದೇ ಬರೆಯಿಸಿ. ಅಜ್ಜಿಯ ಹೆಸರನ್ನು ಮಾತ್ರ ದಾಖಲೆಗಳಲ್ಲಿ ಈಗ ತಿದ್ದಲು ಹೋಗಬೇಡಿ. ಪಹಣಿಯಲ್ಲೊಂದು, ಪಡಿತರ ಚೀಟಿಯಲ್ಲೊಂದು ರೂಪವಾದರೆ ಮನೆಯವರೇ ಕಚೇರಿಗಳಿಗೆ ಅಲೆಯಬೇಕಾದೀತು. ಇನ್ನು ‘ಅನ್ಸಕ್ಕ’ ತಪ್ಪಲ್ಲ, ಅದು ಬಾಯಿಂದ ಬಾಯಿಗೆ ಸವೆದು ನುಣುಪಾದ ಕನ್ನಡದ ರೂಪ. ಮಗಳನ್ನು ಮನೆಯಲ್ಲಿ ಹಾಗೆಯೇ ಕರೆಯಿರಿ.