ಗದಗ ಹುಡುಕಿ, ಹಾವೇರಿ ಹಾಕಿ: ಸಂದರ್ಶನದ ಸ್ಟ್ರಿಂಗ್ ಪ್ರಶ್ನೆಗಳು

ಓದುಗರ ಪ್ರಶ್ನೆ – ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದವು: ಸಾಫ್ಟ್‌ವೇರ್ ಕೆಲಸದ ಸಂದರ್ಶನದಲ್ಲಿ ಕೇಳುವ ‘ಈ ಪದ ತೆಗೆದು ಆ ಪದ ಹಾಕಿ’ ಲೆಕ್ಕ, ಅಂದರೆ ಸ್ಟ್ರಿಂಗ್ (ಅಕ್ಷರಗಳ ಸಾಲು) ಬದಲಿಸುವ ಕೋಡ್. ಹಾಗಾಗಿ ಐದನ್ನೂ ಒಟ್ಟಿಗೇ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಭಾಷೆಯ ಲೈಬ್ರರಿಯಲ್ಲಿ ಸಿದ್ಧವಾಗಿರುವ ರಿಪ್ಲೇಸ್ ಬಳಸದೆ, ವಾಕ್ಯದಲ್ಲಿ ಒಂದು ಪದ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಇನ್ನೊಂದು ಪದ ಹಾಕಲು ಹೇಳಿದರು. ಅಕ್ಷರಕ್ಕೆ ಅಕ್ಷರ ಹೋಲಿಸುತ್ತ ಹೋಗುವ ಕೋಡ್ ಬರೆದೆ. ಕೆಲವು ಇನ್‌ಪುಟ್‌ಗಳಲ್ಲಿ ಪದ ಕಣ್ಣೆದುರೇ ಇದ್ದರೂ ನನ್ನ ಕೋಡ್‌ಗೆ ಸಿಗಲಿಲ್ಲ. ಪದವನ್ನು ವೇಗವಾಗಿ ಹುಡುಕುವ ಕೆಎಂಪಿ ವಿಧಾನ ಬರೆಯಬೇಕಿತ್ತೇ?
– ಎಂಸಿಎ ವಿದ್ಯಾರ್ಥಿನಿ, ವಿದ್ಯಾನಗರ, ಹುಬ್ಬಳ್ಳಿ

ಇಂಥ ಕೋಡ್‌ನಲ್ಲಿ ತಪ್ಪು ಬಹುತೇಕ ಒಂದೇ ಸಾಲಿನಲ್ಲಿ ಅಡಗಿರುತ್ತದೆ: ಹೋಲಿಕೆ ನಡುವೆ ಮುರಿದಾಗ ಎಲ್ಲಿಂದ ಮತ್ತೆ ಶುರು ಮಾಡುತ್ತೀರಿ ಎನ್ನುವ ಸಾಲಿನಲ್ಲಿ. ‘ಗಗದಗ’ ಎಂಬ ಪಠ್ಯದಲ್ಲಿ ‘ಗದಗ’ ಹುಡುಕಿ ನೋಡಿ. ಮೊದಲ ಗ ಕೂಡಿತು. ಮುಂದೆ ದ ಬೇಕಿತ್ತು, ಇನ್ನೊಂದು ಗ ಸಿಕ್ಕಿತು, ಹೋಲಿಕೆ ಮುರಿಯಿತು. ಇಲ್ಲಿ ಹೆಚ್ಚಿನವರು ಪದದ ಎಣಿಕೆಯನ್ನು ಸೊನ್ನೆಗೆ ತಂದು ಪಠ್ಯದಲ್ಲಿ ಮುಂದಿನ ಅಕ್ಷರಕ್ಕೆ ಹೋಗಿಬಿಡುತ್ತಾರೆ. ಆದರೆ ಹೋಲಿಕೆ ಮುರಿದ ಆ ಎರಡನೆಯ ಗ ಇದೆಯಲ್ಲ, ನಿಜವಾದ ಗದಗ ಶುರುವಾಗುವುದೇ ಅಲ್ಲಿಂದ. ಅದನ್ನು ದಾಟಿದ ಮೇಲೆ ಉಳಿದದ್ದು ‘ದಗ’. ಅದರಲ್ಲಿ ಗದಗ ಎಲ್ಲಿ ಸಿಕ್ಕೀತು?

ಪರಿಹಾರ ಸರಳ. ಪ್ರತಿ ಸ್ಥಾನದಲ್ಲೂ ನಿಂತು ‘ಇಲ್ಲಿಂದ ಹಳೆಯ ಪದ ಪೂರ್ತಿ ಕೂಡುತ್ತದೆಯೇ?’ ಎಂದು ಹೊಸದಾಗಿ ಕೇಳಬೇಕು. ಇಲ್ಲ ಎಂದಾದರೆ ಒಂದೇ ಹೆಜ್ಜೆ ಮುಂದೆ.

ಉತ್ತರ = ಖಾಲಿ ಪಟ್ಟಿ, ಓದು = 0 (ಓದು ಎಂದರೆ ಪಠ್ಯದಲ್ಲಿ ನಾವು ನಿಂತ ಸ್ಥಾನ, ಎಣಿಕೆ 0ಯಿಂದ)
ಓದು ಪಠ್ಯದ ಉದ್ದಕ್ಕಿಂತ ಕಡಿಮೆ ಇರುವವರೆಗೆ:
– ಓದು ಸ್ಥಾನದಿಂದ ಹಳೆಯ ಪದ ಪೂರ್ತಿ ಕೂಡಿದರೆ, ಹೊಸ ಪದವನ್ನು ಪಟ್ಟಿಗೆ ಸೇರಿಸು; ಓದು = ಓದು + ಹಳೆಯ ಪದದ ಉದ್ದ
– ಇಲ್ಲದಿದ್ದರೆ ಆ ಒಂದು ಅಕ್ಷರವನ್ನು ಸೇರಿಸು; ಓದು = ಓದು + 1
ಕೊನೆಗೆ ಪಟ್ಟಿಯನ್ನು ಒಂದೇ ಸಲ ಜೋಡಿಸಿ ಕೊಡು

‘ಕೂಡಿದರೆ’ ಎಂದು ನೋಡುವ ಮೊದಲು, ಓದು ಮತ್ತು ಹಳೆಯ ಪದದ ಉದ್ದ ಸೇರಿ ಪಠ್ಯದ ಉದ್ದವನ್ನು ಮೀರುವುದಿಲ್ಲವೇ ಎಂದು ಖಚಿತ ಮಾಡಿಕೊಳ್ಳಿ. ಇದನ್ನು ಬಿಟ್ಟರೆ ಜಾವಾದಲ್ಲಿ ಎಕ್ಸೆಪ್ಶನ್ ಬರುತ್ತದೆ. ಸಿ ಭಾಷೆಯಲ್ಲಿ ಅದೂ ಬರಲಿಕ್ಕಿಲ್ಲ, ಯಾರದೋ ಮೆಮೊರಿ ಓದುತ್ತ ಕೂತಿರುತ್ತೀರಿ.

ಪಟ್ಟಿ ಏಕೆ, ಸ್ಟ್ರಿಂಗ್‌ಗೇ ಕೂಡಿಸುತ್ತ ಹೋದರಾಗದೇ ಎಂದು ಕೇಳಬಹುದು. ಜಾವಾ, ಪೈತಾನ್ ಎರಡರಲ್ಲೂ ಸ್ಟ್ರಿಂಗ್ ಒಮ್ಮೆ ಹುಟ್ಟಿದ ಮೇಲೆ ಬದಲಾಗದು. ಒಂದು ಅಕ್ಷರ ಕೂಡಿಸಿದಾಗಲೆಲ್ಲ ಹಿಂದಿನದೆಲ್ಲ ಹೊಸ ಜಾಗಕ್ಕೆ ನಕಲಾಗುತ್ತದೆ ಎಂದೇ ಲೆಕ್ಕ ಹಿಡಿಯಬೇಕು. 1 ಲಕ್ಷ ಅಕ್ಷರದ ಪಠ್ಯಕ್ಕೆ 1+2+3 ಎಂದು ಕೂಡುತ್ತ ಹೋದರೆ ಸುಮಾರು 500 ಕೋಟಿ ಅಕ್ಷರಗಳ ನಕಲು. ಪೈತಾನ್ ಕೆಲವು ಸಂದರ್ಭಗಳಲ್ಲಿ ಒಳಗೊಳಗೇ ಇದನ್ನು ತಪ್ಪಿಸುತ್ತದೆ, ನಿಜ. ಅದರ ಮೇಲೆ ಭಾರ ಹಾಕಬೇಡಿ. ಜಾವಾದಲ್ಲಿ ಸ್ಟ್ರಿಂಗ್‌ಬಿಲ್ಡರ್, ಪೈತಾನ್‌ನಲ್ಲಿ ಲಿಸ್ಟ್ ಮತ್ತು ಕೊನೆಗೊಂದು ಜಾಯಿನ್.

ಇನ್ನು ಕೆಎಂಪಿ. ಕೇಳದೆ ಬರೆಯಬೇಡಿ. ಕ್ನೂತ್, ಮೋರಿಸ್, ಪ್ರ್ಯಾಟ್ ಮೂವರು 1977ರಲ್ಲಿ ಪ್ರಕಟಿಸಿದ ಆ ವಿಧಾನ ಚೆಂದದ್ದೇ, ಆದರೆ ಬಾಯಿಪಾಠ ಮಾಡಿಕೊಂಡು ಬಂದದ್ದು ಬೋರ್ಡಿನ ಮುಂದೆ ಕೈಕೊಡುತ್ತದೆ. ಸರಳ ವಿಧಾನ ಬರೆದು, ಅದು ಎಲ್ಲಿ ಸೋಲುತ್ತದೆಂದು ನೀವೇ ಹೇಳಿ: ಪಠ್ಯ 1 ಲಕ್ಷ ‘ಅ’ಗಳು, ಹುಡುಕುವ ಪದ 999 ‘ಅ’ಗಳ ಕೊನೆಗೊಂದು ‘ಬ’ ಎಂದಾದರೆ, ಪ್ರತಿ ಸ್ಥಾನದಲ್ಲೂ ಹೋಲಿಕೆ ಕೊನೆಯ ಅಕ್ಷರದವರೆಗೂ ಹೋಗಿ ಮುರಿಯುತ್ತದೆ. ಹತ್ತಿರ ಹತ್ತಿರ 10 ಕೋಟಿ ಹೋಲಿಕೆ. ‘ಇದನ್ನು ತಪ್ಪಿಸಿ’ ಎಂದು ಸಂದರ್ಶಕರು ಹೇಳಿದಾಗ ಕೆಎಂಪಿ ತೆಗೆಯಿರಿ. ಅದರ ತಿರುಳನ್ನೂ ಗದಗದಲ್ಲೇ ತೋರಿಸಬಹುದು. ಪದದ ಒಂದೊಂದು ಅಕ್ಷರದವರೆಗೆ ಬಂದಾಗ, ಕೊನೆಯ ಎಷ್ಟು ಅಕ್ಷರ ಪದದ ಆರಂಭದಂತೆಯೇ ಇವೆ ಎಂದು ಹೇಳುವ ಕೋಷ್ಟಕ ಇಲ್ಲಿ 0, 0, 1. ಕೊನೆಯ 1 ಎಂದರೆ, ಪೂರ್ತಿ ಕೂಡಿದ ಮೇಲೂ ಕೊನೆಯ ಗ ಮುಂದಿನ ಗದಗದ ಮೊದಲ ಗ ಆಗಬಲ್ಲದು ಎಂದರ್ಥ.

ಅಲ್ಲೇ ಇನ್ನೊಂದು ಗುಂಡಿ ಇದೆ. ‘ಗದಗದಗ’ದಲ್ಲಿ ಗದಗ 0ನೇ ಸ್ಥಾನದಲ್ಲೂ ಇದೆ, 2ನೇ ಸ್ಥಾನದಲ್ಲೂ ಇದೆ, ನಡುವಿನ ಗ ಇಬ್ಬರಿಗೂ ಸೇರಿದ್ದು. ಎಣಿಸು ಎಂದರೆ ಎರಡು. ಬದಲಿಸು ಎಂದರೆ ರೂಢಿಯಲ್ಲಿ ಎಡದ್ದು ಮಾತ್ರ, ‘ದಗ’ ಹಾಗೇ ಉಳಿಯುತ್ತದೆ. ಆದ್ದರಿಂದ ಬದಲಾವಣೆ ಆದ ಕೂಡಲೇ ಕೋಷ್ಟಕದ 1ಕ್ಕೆ ಅಲ್ಲ, ಸೊನ್ನೆಗೆ ಮರಳಬೇಕು. ಕೆಎಂಪಿ ಸರಿಯಾಗಿ ಬರೆದವರೂ ಎಡವುವುದು ಇಲ್ಲೇ.

ಕೋಡ್ ಬರೆಯುವ ಮುಂಚೆ ಕೇಳಬೇಕಾದ ಮಾತು ಮುಖ್ಯವಾಗಿ ಎರಡು. ಹಳೆಯ ಪದ ಖಾಲಿಯಾಗಿದ್ದರೆ? ಮೇಲಿನ ಕೋಡ್‌ನಲ್ಲಿ ಓದು + 0 ಆಗಿ ಅದೇ ಜಾಗದಲ್ಲಿ ಸುತ್ತುತ್ತ ಮೆಮೊರಿ ತುಂಬುವವರೆಗೆ ನಿಲ್ಲುವುದಿಲ್ಲ. ಪೈತಾನ್‌ನ ಸ್ವಂತ ರಿಪ್ಲೇಸ್‌ಗೆ ಗದಗ ಕೊಟ್ಟು, ಖಾಲಿ ಪದದ ಬದಲು ಅಡ್ಡಗೆರೆ ಹಾಕೆಂದರೆ ‘-ಗ-ದ-ಗ-’ ಎಂದು ಕೊಡುತ್ತದೆ. ‘ನಿಮಗೆ ಯಾವುದು ಬೇಕು?’ ಎಂದು ಸಂದರ್ಶಕರನ್ನೇ ಕೇಳಿ. ಎರಡನೆಯದು, ಹೊಸದಾಗಿ ಹಾಕಿದ ಪದದೊಳಗೆ ಮತ್ತೆ ಹುಡುಕಬೇಕೇ? ಸಾಮಾನ್ಯವಾಗಿ ಬೇಡ. ‘ಅ’ ತೆಗೆದು ‘ಅಅ’ ಹಾಕು ಎಂದಾಗ ಪ್ರತಿ ಸಲ ಮೊದಲಿನಿಂದ ಹುಡುಕುವ ಕೋಡ್ ಮುಗಿಯುವುದೇ ಇಲ್ಲ.

ಪ್ರಶ್ನೆ: ಖಾಲಿ ಜಾಗವಿದ್ದಲ್ಲೆಲ್ಲ %20 (ವೆಬ್ ವಿಳಾಸದಲ್ಲಿ ಖಾಲಿ ಜಾಗದ ಸಂಕೇತ) ಹಾಕಬೇಕು, ಹೊಸ ಅರೇ (ಅಕ್ಷರಗಳನ್ನಿಡುವ ಮನೆಗಳ ಸಾಲು) ಬಳಸಬಾರದು, ಕೊನೆಯಲ್ಲಿ ಬೇಕಾದಷ್ಟು ಜಾಗವಿದೆ ಎಂಬ ಲೆಕ್ಕದಲ್ಲಿ ಹಿಂದಿನಿಂದ ತುಂಬಬೇಕು ಅಂತಾರೆ. ಯಾಕೆ?
– ಡಿಪ್ಲೊಮಾ ಮುಗಿಸಿದವರು, ಬೆಟಗೇರಿ

ಊಟದ ಪಂಕ್ತಿಯಲ್ಲಿ ನಡುವೆ ಇಬ್ಬರಿಗೆ ಜಾಗ ಮಾಡಬೇಕಾದರೆ ಮೊದಲು ಸರಿಯಬೇಕಾದವರು ತುದಿಯಲ್ಲಿ ಕೂತವರು. ಇಲ್ಲೂ ಹಾಗೇ.

‘ಗದಗ ನಗರ’ ತೆಗೆದುಕೊಳ್ಳಿ. ಮನೆಗೊಂದು ಅಕ್ಷರ ಎಂದಿಟ್ಟುಕೊಂಡರೆ 7 ಮನೆ, 0ಯಿಂದ 6ರವರೆಗೆ. ಖಾಲಿ ಜಾಗ 3ನೇ ಮನೆಯಲ್ಲಿ. ಒಂದು ಅಕ್ಷರದ ಜಾಗಕ್ಕೆ ಮೂರು ಬರುವುದರಿಂದ ಪ್ರತಿ ಖಾಲಿ ಜಾಗಕ್ಕೆ 2 ಮನೆ ಹೆಚ್ಚು. ಹೊಸ ಉದ್ದ 7 + 2 = 9. ಮುಂದಿನಿಂದ ಬರೆದರೆ 3ರಲ್ಲಿ % ಕೂರುತ್ತದೆ, 4ರಲ್ಲಿ 2 ಬರೆಯುವಾಗ ಅಲ್ಲಿದ್ದ ‘ನ’ ಹೋಯಿತು, 5ರಲ್ಲಿ 0 ಬರೆಯುವಾಗ ‘ಗ’ ಹೋಯಿತು. ಓದುವ ಮೊದಲೇ ಅಳಿಸಿದಂತಾಯಿತು.

ಹಿಂದಿನಿಂದ: ಓದುವ ಬೆರಳು 6ರಲ್ಲಿ, ಬರೆಯುವ ಬೆರಳು 8ರಲ್ಲಿ. ರ 8ಕ್ಕೆ, ಗ 7ಕ್ಕೆ, ನ 6ಕ್ಕೆ. ಈಗ ಓದುವ ಬೆರಳು 3ರ ಖಾಲಿ ಜಾಗದಲ್ಲಿ. 5ರಲ್ಲಿ 0, 4ರಲ್ಲಿ 2, 3ರಲ್ಲಿ %. ಎರಡೂ ಬೆರಳು 2ಕ್ಕೆ ಬಂದು ಕೂಡಿದವು. ಅಲ್ಲಿಗೆ ನಿಲ್ಲಿಸಬಹುದು, ಅಲ್ಲಿಂದ ಎಡಕ್ಕಿರುವುದೆಲ್ಲ ಇದ್ದಲ್ಲೇ ಸರಿಯಾಗಿದೆ. ಸಿ ಭಾಷೆಯಾದರೆ ಪಠ್ಯ ಮುಗಿಯಿತೆಂದು ತಿಳಿಸುವ ಕೊನೆಯ ಶೂನ್ಯ ಚಿಹ್ನೆಗೆ ಇನ್ನೊಂದು ಮನೆ, ಅಂದರೆ ಒಟ್ಟು 10. ಇನ್‌ಪುಟ್‌ನ ಕೊನೆಗೆ ಬಾಲದಂತಿರುವ ಖಾಲಿ ಜಾಗಗಳನ್ನು ಎಣಿಸಬಾರದು. ಅದಕ್ಕೇ ‘ನಿಜವಾದ ಉದ್ದ’ವನ್ನು ಬೇರೆ ಸಂಖ್ಯೆಯಾಗಿ ಕೊಟ್ಟಿರುತ್ತಾರೆ.

ಹೊಸದು ಹಳೆಯದಕ್ಕಿಂತ ಚಿಕ್ಕದಾದರೆ ಅಥವಾ ಸಮನಾದರೆ ಮುಂದಿನಿಂದಲೇ ಬರೆಯಬಹುದು. ಆಗ ಬರೆಯುವ ಬೆರಳು ಓದುವ ಬೆರಳನ್ನು ಎಂದೂ ದಾಟದು. ಒಂದು ಅಕ್ಷರದ ಬದಲು ಇಡೀ ಪದ ಹುಡುಕುವುದಾದರೆ ಮಾತ್ರ ಎಚ್ಚರ: ‘ಗದಗದಗ’ವನ್ನು ಬಲದಿಂದ ಹುಡುಕಿದರೆ 2ನೇ ಸ್ಥಾನದ್ದು ಸಿಗುತ್ತದೆ, ಎಡದಿಂದ 0ಯದ್ದು. ಉತ್ತರವೇ ಬೇರೆ. ಮೊದಲ ಸುತ್ತಿನಲ್ಲಿ ಎಡದಿಂದ ಸ್ಥಾನಗಳನ್ನು ಗುರುತಿಸಿಟ್ಟುಕೊಂಡು, ಎರಡನೆಯ ಸುತ್ತಿನಲ್ಲಿ ಬಲದಿಂದ ತುಂಬಿ. ಆ ಗುರುತುಗಳಿಗೆ ಬೇಕಾಗುವ ಮೆಮೊರಿಯನ್ನು ನೀವಾಗೇ ಹೇಳಿಬಿಡಿ.

ಪ್ರಶ್ನೆ: ಒಂದೇ ಪಠ್ಯದಲ್ಲಿ ‘ಡಬ್ಬಿ’ ಇದ್ದಲ್ಲಿ ‘ಕಡ್ಡಿ’, ‘ಕಡ್ಡಿ’ ಇದ್ದಲ್ಲಿ ‘ಡಬ್ಬಿ’ ಹಾಕಬೇಕು. ಎರಡು ಸಲ ರಿಪ್ಲೇಸ್ ಮಾಡಿದರೆ ಎಲ್ಲ ಡಬ್ಬಿಯೇ ಆಗುತ್ತದಲ್ಲ?
– ಬ್ಯಾಡಗಿಯ ಓದುಗರು

ಡಬ್ಬಿ, ಕಡ್ಡಿ ಎರಡೂ ಬ್ಯಾಡಗಿ ಮೆಣಸಿನಕಾಯಿಯ ಬಗೆಗಳು, ಮೆಣಸಿನಕಾಯಿ ಪೇಟೆಯವರಿಗೆ ತಕ್ಕ ಉದಾಹರಣೆ. ಮೊದಲ ಸುತ್ತಿನಲ್ಲಿ ಡಬ್ಬಿಗಳೆಲ್ಲ ಕಡ್ಡಿಯಾದವು. ಎರಡನೆಯ ಸುತ್ತಿಗೆ ಮೂಲ ಕಡ್ಡಿ ಯಾವುದು, ಈಗಷ್ಟೇ ಆದ ಕಡ್ಡಿ ಯಾವುದು ಎಂಬ ಗುರುತೇ ಇಲ್ಲ. ನಡುವೆ ‘@@’ದಂಥ ತಾತ್ಕಾಲಿಕ ಗುರುತು ಇಡುವುದು ಒಂದು ಉಪಾಯ. ‘ಪಠ್ಯದಲ್ಲೇ @@ ಇದ್ದರೆ?’ ಎಂಬ ಮರುಪ್ರಶ್ನೆ ಬಂದೇ ಬರುತ್ತದೆ. ಸರಿಯಾದ ದಾರಿ ಒಂದೇ ಓಟ: ಪ್ರತಿ ಸ್ಥಾನದಲ್ಲಿ ನಿಂತು ಡಿಕ್ಷನರಿಯಲ್ಲಿ (ಹಳೆಯ-ಹೊಸ ಪದಗಳ ಜೋಡಿಪಟ್ಟಿ) ಇರುವ ಯಾವ ಪದ ಕೂಡುತ್ತದೆಂದು ನೋಡಿ, ಅದರ ಜೋಡಿಯನ್ನು ಉತ್ತರಕ್ಕೆ ಬರೆದು, ಮೂಲದಲ್ಲಿ ಆ ಪದದಷ್ಟು ಮುಂದೆ ಹೋಗುವುದು. ಬರೆದದ್ದನ್ನು ಮತ್ತೆ ಓದುವ ಮಾತೇ ಇಲ್ಲ. ‘ಹುಬ್ಬಳ್ಳಿ’, ‘ಹುಬ್ಬಳ್ಳಿ-ಧಾರವಾಡ’ ಎರಡೂ ಪಟ್ಟಿಯಲ್ಲಿದ್ದರೆ ಉದ್ದದ್ದನ್ನು ಮೊದಲು ಪರೀಕ್ಷಿಸಿ.

ಸ್ಥಾನಗಳನ್ನೇ ಕೊಟ್ಟು ‘3ನೇ ಸ್ಥಾನದಲ್ಲಿ ಇದನ್ನು, 10ನೇ ಸ್ಥಾನದಲ್ಲಿ ಅದನ್ನು ಬದಲಿಸಿ’ ಎನ್ನುವ ರೂಪವೂ ಇದೆ. ಅಲ್ಲಿ ಸ್ಥಾನಗಳನ್ನು ಇಳಿಕೆ ಕ್ರಮದಲ್ಲಿ ಜೋಡಿಸಿ ಬಲದಿಂದ ಎಡಕ್ಕೆ ಬನ್ನಿ. ಎಡದಿಂದ ಹೋದರೆ ಮೊದಲ ಬದಲಾವಣೆಗೇ ಮುಂದಿನ ಸ್ಥಾನಗಳೆಲ್ಲ ಜರುಗುತ್ತವೆ.

ಅಂದಹಾಗೆ, ಪೂರ್ಣ ಪದವೇ ಬೇಕೇ ಎಂದು ಕೇಳಲು ಮರೆತರೆ ಕಡ್ಡಿಪೆಟ್ಟಿಗೆಯೂ ಡಬ್ಬಿಪೆಟ್ಟಿಗೆ ಆದೀತು.

ಪ್ರಶ್ನೆ: ಕನ್ನಡ ಪಠ್ಯಕ್ಕೆ ಈ ಕೋಡ್ ಹಾಗೇ ನಡೆಯುತ್ತದೆಯೇ?
– ರಾಣೆಬೆನ್ನೂರಿನ ಓದುಗರು

ನಡೆಯುತ್ತದೆ, ಆದರೆ ಫಲಿತಾಂಶ ಓದಲಾಗದಂತೆ ಬರಬಹುದು. ‘ಹುಬ್ಬಳ್ಳಿ’ ನಮ್ಮ ಲೆಕ್ಕಕ್ಕೆ ಮೂರಕ್ಷರ. ಯುನಿಕೋಡ್‌ನಲ್ಲಿ ಮೂಲಾಕ್ಷರ, ಕೊಂಬು, ಅರ್ಧಾಕ್ಷರ ಮಾಡುವ ಚಿಹ್ನೆ, ಗುಡಿಸು ಎಲ್ಲ ಬೇರೆ ಬೇರೆ. ಒಟ್ಟು 9 ಸಂಕೇತ. ಅವನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, 27 ಬೈಟ್. ಪೈತಾನ್ ಉದ್ದ 9 ಎನ್ನುತ್ತದೆ, ಸಿ ಭಾಷೆಯ ಸ್ಟ್ರ್‌ಲೆನ್ 27 ಎನ್ನುತ್ತದೆ.

ತೊಂದರೆ ಎಲ್ಲಿ? ‘ಗದಗಿನ’ದಲ್ಲಿ ಗದಗ ಹುಡುಕಿದರೆ ಸಿಗುತ್ತದೆ, ಏಕೆಂದರೆ ಗುಡಿಸು ಪ್ರತ್ಯೇಕ ಸಂಕೇತವಾಗಿ ಹಿಂದೆ ಉಳಿದಿದೆ. ಅಲ್ಲಿ ‘ಹಾವೇರಿ’ ಹಾಕಿದರೆ ರಿ ಅಕ್ಷರದ ಮೇಲೆ ಇನ್ನೊಂದು ಗುಡಿಸು ಬಂದು ಕೂತು, ಪರದೆಯ ಮೇಲೆ ಚುಕ್ಕಿವೃತ್ತ ಕಾಣಿಸಿಕೊಳ್ಳುತ್ತದೆ. ಪದ ಕೂಡಿದ ಮೇಲೆ ಮುಂದಿನ ಸಂಕೇತ ಕಾಗುಣಿತದ ಚಿಹ್ನೆಯೋ ಒತ್ತಿನದೋ ಆಗಿದ್ದರೆ ಅದನ್ನು ಹೊಂದಾಣಿಕೆ ಎಂದು ಎಣಿಸಬೇಡಿ. ಪದದ ಗಡಿ ಹುಡುಕುವ \b ಮೇಲೆ ಭರವಸೆ ಬೇಡ: ಪೈತಾನ್‌ನ ಮಾದರಿ ಕೊಟ್ಟು ಹುಡುಕುವ ಸಾಮಾನ್ಯ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗೆ ನಮ್ಮ ಕಾಗುಣಿತದ ಚಿಹ್ನೆಗಳು ಅಕ್ಷರವೇ ಅಲ್ಲ, ಪದದ ನಡುವೆಯೇ ಗಡಿ ಎಳೆಯುತ್ತದೆ.

ಇನ್ನೊಂದು, ‘ಹಾವೇರಿ’ಯ ವೇ. ಅದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಒಂದರ ಉದ್ದ 6, ಇನ್ನೊಂದರದು 7, ಹುಡುಕಿದರೆ ಸಿಗುವುದಿಲ್ಲ. ಪಠ್ಯ, ಹಳೆಯ ಪದ ಎರಡನ್ನೂ ಮೊದಲು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಂಥ ಬಿಡಿ ಸಂಕೇತಗಳನ್ನು ಒಂದಾಗಿಸುವ ಯುನಿಕೋಡ್ ರೂಪಕ್ಕೆ, ತನ್ನಿ. ವ್ಯಾಕರಣವನ್ನು ಮಾತ್ರ ಯಾವ ರಿಪ್ಲೇಸ್ ಕೂಡ ಕಾಯುವುದಿಲ್ಲ. ಹುಬ್ಬಳ್ಳಿಯ ಜಾಗಕ್ಕೆ ಧಾರವಾಡ ಹಾಕಿದರೆ ‘ಹುಬ್ಬಳ್ಳಿಯಲ್ಲಿ’ ಎಂಬುದು ‘ಧಾರವಾಡಯಲ್ಲಿ’ ಆಗುತ್ತದೆ.

ಪ್ರಶ್ನೆ: ಲೈಬ್ರರಿ ಬಳಸಬಹುದು ಎಂದರೆ ಒಂದೇ ಸಾಲು ಸಾಕಲ್ಲವೇ?
– ಸಪ್ತಾಪುರ, ಧಾರವಾಡ

ಸಾಕು, ಯಾವ ಸಾಲು ಎಂಬುದು ಗೊತ್ತಿದ್ದರೆ. ಜಾವಾದಲ್ಲಿ ರಿಪ್ಲೇಸ್ ಮತ್ತು ರಿಪ್ಲೇಸ್‌ಆಲ್ ಎರಡೂ ಎಲ್ಲವನ್ನೂ ಬದಲಿಸುತ್ತವೆ. ಎರಡನೆಯದು ರೆಗ್ಯುಲರ್ ಎಕ್ಸ್‌ಪ್ರೆಶನ್ ತೆಗೆದುಕೊಳ್ಳುತ್ತದೆ, ಅಷ್ಟೇ ವ್ಯತ್ಯಾಸ. ‘1.25’ರಲ್ಲಿ ಚುಕ್ಕಿಯ ಬದಲು ಅಲ್ಪವಿರಾಮ ಹಾಕಲು ರಿಪ್ಲೇಸ್‌ಆಲ್ ಕರೆದರೆ ನಾಲ್ಕೂ ಅಕ್ಷರ ಅಲ್ಪವಿರಾಮವಾಗುತ್ತವೆ, ಏಕೆಂದರೆ ಅಲ್ಲಿ ಚುಕ್ಕಿ ಎಂದರೆ ಯಾವ ಅಕ್ಷರವಾದರೂ ಸರಿ. ಹೊಸ ಪದದಲ್ಲಿ $ ಇದ್ದರೂ ಅದಕ್ಕೆ ಬೇರೆ ಅರ್ಥ. ಜಾವಾಸ್ಕ್ರಿಪ್ಟ್‌ನಲ್ಲಿ ರಿಪ್ಲೇಸ್‌ಗೆ ಬರೀ ಪದ ಕೊಟ್ಟರೆ ಮೊದಲನೆಯದು ಮಾತ್ರ ಬದಲಾಗುತ್ತದೆ. ಎಲ್ಲಕ್ಕೂ ರಿಪ್ಲೇಸ್‌ಆಲ್, ಅದು ಭಾಷೆಯ 2021ರ ಆವೃತ್ತಿಯಲ್ಲಿ ಸೇರಿದ್ದು. ಸಿ++ನ ಸ್ಟ್ರಿಂಗ್ ರಿಪ್ಲೇಸ್ ಹುಡುಕುವುದೇ ಇಲ್ಲ. ಸ್ಥಾನ ಮತ್ತು ಉದ್ದ ಕೊಡಬೇಕು, ಹುಡುಕುವ ಲೂಪ್ ನೀವೇ ಬರೆಯಬೇಕು. ಪ್ರತಿ ಸಲ ಹೊಸ ಪದದ ಉದ್ದದಷ್ಟು ಮುಂದೆ ಜಿಗಿದು ಹುಡುಕಿ, ಹಳೆಯದರ ಉದ್ದದಷ್ಟಲ್ಲ.