ಸಿನಿಮಾಗಳಲ್ಲಿ ಕೇಳಿಬರುವ ‘ಓ ಫೋರ್ಚುನಾ’ ಕೋರಸ್ ದೆವ್ವದ ಮಂತ್ರವೇ?

ಅಲ್ಲವೇ ಅಲ್ಲ. ಅದು ಅದೃಷ್ಟದೇವತೆಯನ್ನು ಬಯ್ಯುವ ಲ್ಯಾಟಿನ್ ಪದ್ಯ. ‘ಚಂದ್ರನ ಹಾಗೆ ಬೆಳೆಯುತ್ತೀ, ಸವೆಯುತ್ತೀ, ಒಂದೇ ಥರ ಇರುವುದೇ ಇಲ್ಲ’ ಎಂಬ ದೂರು, ಅಷ್ಟೆ. ಜರ್ಮನಿಯ ಕಾರ್ಲ್ ಆರ್ಫ್ ಸಂಯೋಜಿಸಿದ ‘ಕಾರ್ಮಿನಾ ಬುರಾನಾ’ ಎಂಬ ಸಮೂಹಗಾನ ಕೃತಿ ಶುರುವಾಗುವುದೂ ಮುಗಿಯುವುದೂ ಇದರಿಂದಲೇ, ಅದೃಷ್ಟದ ಚಕ್ರ ಒಂದು ಸುತ್ತು ತಿರುಗಿದಂತೆ. ಮೊದಲ ಪ್ರದರ್ಶನ 1937ರಲ್ಲಿ, ಫ್ರಾಂಕ್‌ಫರ್ಟ್‌ನಲ್ಲಿ.

ಸಾಹಿತ್ಯ ಮಾತ್ರ 13ನೇ ಶತಮಾನದ ಹಸ್ತಪ್ರತಿಯದು. ಬವೇರಿಯಾದ ಬೆನೆಡಿಕ್ಟ್‌ಬಾಯರ್ನ್ ಮಠದಲ್ಲಿ 1803ರಲ್ಲಿ ಸಿಕ್ಕಿತು. ಮಠದ್ದು ಅಂದಮಾತ್ರಕ್ಕೆ ಭಕ್ತಿಗೀತೆ ಅಂದುಕೊಳ್ಳಬೇಡಿ. ಹೆಂಡ, ಜೂಜು, ಪ್ರೇಮ, ಪಾದ್ರಿಗಳ ಗೇಲಿ, ಎಲ್ಲ ಉಂಟು. ಇನ್ನೂರಕ್ಕೂ ಹೆಚ್ಚು ಪದ್ಯಗಳಲ್ಲಿ ಆರ್ಫ್ ಆರಿಸಿಕೊಂಡದ್ದು 24.

ನನ್ನ ಕೇಳಿದರೆ, ‘ಓ ಫೋರ್ಚುನಾ’ಗಿಂತ ಮಜವಾದದ್ದು ಇದೇ ಕೃತಿಯ ಹಂಸದ ಹಾಡು. ಒಲೆಯ ಮೇಲೆ ಬೇಯುತ್ತಿರುವ ಹಂಸವೇ ಹಾಡುತ್ತದೆ: ‘ಒಂದು ಕಾಲಕ್ಕೆ ಸರೋವರದಲ್ಲಿದ್ದೆ, ಚೆಲುವಾಗಿದ್ದೆ, ಈಗ ಸುಟ್ಟು ಕಪ್ಪಾಗಿದ್ದೇನೆ.’ ಟೆನರ್ (ಏರುದನಿಯ ಪುರುಷ) ಗಾಯಕನಿಗೆ ಆರ್ಫ್ ಕೊಟ್ಟ ಸ್ವರಗಳು ಎಷ್ಟು ಮೇಲಿವೆ ಎಂದರೆ, ಹಾಡುವವನ ಗಂಟಲೇ ಬೆಂಕಿಯ ಮೇಲಿದ್ದಂತೆ ಕೇಳುತ್ತದೆ. ಕೊನೆಯಲ್ಲಿ ತಟ್ಟೆಗೆ ಬಿದ್ದ ಹಂಸಕ್ಕೆ ಕಾಣುವುದು ಅಗಿಯಲು ಸಿದ್ಧವಾದ ಹಲ್ಲುಗಳು!